ಫೈಲು ಅವರದು, ಸಹಿ ನಮ್ಮದು: ಅಮೆರಿಕದ ಆರೋಗ್ಯ ಪ್ಲಾನೊಂದರಲ್ಲಿ ದರ ಬಹಿರಂಗ ನಿಯಮದ ಒಂದು ವರ್ಷ

2025ರ ಡಿಸೆಂಬರ್ ಮೂರನೇ ವಾರ ನಮ್ಮ ಪ್ಲಾನಿನ ಗ್ಯಾಗ್ ಕ್ಲಾಸ್ ದೃಢೀಕರಣ ಸಲ್ಲಿಕೆಯಾಯಿತು. ದರದ ಮಾಹಿತಿ ಮುಚ್ಚಿಡುವ ಷರತ್ತು ಕರಾರುಗಳಲ್ಲಿ ಇದೆಯೇ ಇಲ್ಲವೇ ಎಂದು ಸರ್ಕಾರಕ್ಕೆ ಪ್ರತಿವರ್ಷ ತಿಳಿಸುವ ಕೆಲಸವದು. ಆ ವೆಬ್ ಫಾರ್ಮ್ ತುಂಬಲು ಇಪ್ಪತ್ತು ನಿಮಿಷ ಸಾಕು. ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕವೂ ಇಲ್ಲ. ಆದರೆ ಅದರಡಿ ನೆಮ್ಮದಿಯಿಂದ ಹೆಸರು ಬರೆಯಬೇಕಾದರೆ ಜನವರಿಯಿಂದಲೇ ಕಾಗದಪತ್ರ ಕೂಡಿಟ್ಟಿರಬೇಕು. ಅಮೆರಿಕದ ಕಂಪನಿಗಳಲ್ಲಿ ಎಚ್‌ಆರ್ ಮತ್ತು ಬೆನಿಫಿಟ್ಸ್ ನೋಡಿಕೊಳ್ಳುವ ಕನ್ನಡಿಗರಿಗೂ, ಅಲ್ಲಿನ ಪ್ಲಾನುಗಳ ಡೇಟಾವನ್ನು ಬೆಂಗಳೂರಿನಲ್ಲಿ ಕೂತು ಸಿದ್ಧಪಡಿಸುವವರಿಗೂ ಕೈಗೆ ಸಿಗಲೆಂದು ವರ್ಷದ ಕೆಲಸವನ್ನು, ಅಂದರೆ ಡಾಕ್ಟರು-ಆಸ್ಪತ್ರೆಗಳ ದರದ ಫೈಲುಗಳನ್ನು ಸಾರ್ವಜನಿಕವಾಗಿ ಹಾಕಿಸುವುದು, ಔಷಧ ವೆಚ್ಚದ ವರದಿ, ಆಮೇಲೆ ಈ ದೃಢೀಕರಣ, ತಿಂಗಳ ಕ್ರಮದಲ್ಲೇ ಬರೆದಿಟ್ಟಿದ್ದೇವೆ.

ಮೊದಲು ಪ್ಲಾನಿನ ಜಾತಕ. ಸುಮಾರು 300 ಉದ್ಯೋಗಿಗಳ ಕಂಪನಿ, ಸೆಲ್ಫ್ ಫಂಡೆಡ್ ಪ್ಲಾನ್. ವಿಮಾ ಕಂಪನಿಗೆ ಪ್ರೀಮಿಯಂ ಕಟ್ಟಿ ನಿಶ್ಚಿಂತೆಯಿಂದ ಇರುವ ವ್ಯವಸ್ಥೆ ಇದಲ್ಲ. ಉದ್ಯೋಗಿಗಳ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ತನ್ನ ದುಡ್ಡಿನಿಂದ ಭರಿಸುತ್ತದೆ. ಕ್ಲೇಮು ಪರಿಶೀಲಿಸಿ ಪಾವತಿ ಮಾಡಲು ಒಂದು ಟಿಪಿಎ, ಆ ಟಿಪಿಎ ಬಾಡಿಗೆಗೆ ಪಡೆದ ಬೇರೊಬ್ಬರ ಡಾಕ್ಟರ್-ಆಸ್ಪತ್ರೆ ನೆಟ್‌ವರ್ಕ್, ಔಷಧದ ದರ ಮತ್ತು ಕ್ಲೇಮು ನೋಡಿಕೊಳ್ಳಲು ಪಿಬಿಎಂ ಎಂಬ ಒಂದು ಕಂಪನಿ, ಮಾನಸಿಕ ಆರೋಗ್ಯಕ್ಕೆ ಇನ್ನೊಂದು ಸಂಸ್ಥೆ. ನಮ್ಮೂರಿನ ಆಸ್ಪತ್ರೆಗಳ ಟಿಪಿಎ ಡೆಸ್ಕ್ ನೋಡಿದವರಿಗೆ ಟಿಪಿಎ ಅಂದರೆ ವಿಮಾ ಕಂಪನಿಯ ಪರವಾಗಿ ಕ್ಯಾಶ್‌ಲೆಸ್ ಒಪ್ಪಿಗೆ ಕೊಡುವವರು. ಇಲ್ಲಿ ಹಿಂದೆ ವಿಮಾ ಕಂಪನಿಯೇ ಇಲ್ಲ, ಟಿಪಿಎ ಖರ್ಚು ಮಾಡುವುದು ಉದ್ಯೋಗದಾತರ ದುಡ್ಡನ್ನು. ಇಡೀ ನಿಯಮಾವಳಿಯ ತೂಕ ಬೀಳುವುದೂ ಈ ವ್ಯತ್ಯಾಸದ ಮೇಲೆಯೇ. ಫುಲ್ಲಿ ಇನ್ಶೂರ್ಡ್ ಪ್ಲಾನ್ ಆಗಿದ್ದರೆ ದರದ ಫೈಲುಗಳ ಹೊಣೆಯನ್ನು ಲಿಖಿತ ಒಪ್ಪಂದದ ಮೂಲಕ ವಿಮಾ ಕಂಪನಿಗೆ ಪೂರ್ತಿ ದಾಟಿಸಬಹುದು, ಅದು ತಪ್ಪಿದರೆ ತಪ್ಪು ಅದರದೇ. ಸೆಲ್ಫ್ ಫಂಡೆಡ್‌ನಲ್ಲಿ ಕೆಲಸವನ್ನಷ್ಟೇ ಟಿಪಿಎಗೆ ಒಪ್ಪಿಸಬಹುದು. ಟಿಪಿಎ ಫೈಲು ಹಾಕದಿದ್ದರೆ ತಪ್ಪಿತಸ್ಥ ಪ್ಲಾನೇ.

ದಂಡ ಎಷ್ಟು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಆಂತರಿಕ ಕಂದಾಯ ಸಂಹಿತೆಯ 4980ಡಿ ಕಲಮಿನ ಪ್ರಕಾರ ಬಾಧಿತರಾದ ಒಬ್ಬೊಬ್ಬರಿಗೂ ದಿನಕ್ಕೆ 100 ಡಾಲರ್. 300 ಜನಕ್ಕೆ ಒಂದು ತಿಂಗಳು ಲೆಕ್ಕ ಹಾಕಿದರೆ 9 ಲಕ್ಷ ಡಾಲರ್. ಸಕಾರಣದಿಂದ ಆದ ಲೋಪವನ್ನು 30 ದಿನದೊಳಗೆ ಸರಿಪಡಿಸಿದರೆ ವಿನಾಯಿತಿ ಉಂಟು. ಅದಕ್ಕೇ ಲೋಪ ಯಾವ ದಿನ ಗೊತ್ತಾಯಿತು, ಯಾರಿಗೆ ಬರೆದೆವು, ಯಾವ ದಿನ ಸರಿಹೋಯಿತು ಎಂಬ ಮೂರು ತಾರೀಖುಗಳನ್ನು ಪ್ರತಿ ವಿಷಯಕ್ಕೂ ಒಂದು ಶೀಟಿನಲ್ಲಿ ಬರೆಯುತ್ತಾ ಹೋದೆವು.

ಜನವರಿ ಪೂರ್ತಿ ಕರಾರು ಹುಡುಕುವುದರಲ್ಲೇ ಹೋಯಿತು. ಟಿಪಿಎ ಜತೆಗಿನ ಮೂಲ ಕರಾರು 2019ರದ್ದು. ದರ ಬಹಿರಂಗದ ನಿಯಮ ಅಂತಿಮವಾದದ್ದು 2020ರ ಅಕ್ಟೋಬರ್‌ನಲ್ಲಿ, ಔಷಧ ವರದಿ, ಗ್ಯಾಗ್ ಕ್ಲಾಸ್ ಹೊಣೆಗಳನ್ನು ತಂದ ಕಾಯ್ದೆಗೆ ಸಹಿ ಬಿದ್ದದ್ದು 2020ರ ಡಿಸೆಂಬರ್ 27ರಂದು. ಆ ಕರಾರಿನಲ್ಲಿ ಈ ಯಾವುದರ ಸುಳಿವೂ ಇರಲಿಲ್ಲ. ಕೇಳಿದರೆ "ಅದೆಲ್ಲ ನಾವೇ ನೋಡ್ಕೊಳ್ತೀವಿ" ಎಂಬ ಇಮೇಲ್ ಬಂತು. ಇಮೇಲ್ ಒಳ್ಳೆಯದೇ, ಆದರೆ ಅದು ಒಪ್ಪಂದವಲ್ಲ. ನಾವು ಕೇಳಿದ್ದು ಎರಡು ಪುಟದ ತಿದ್ದುಪಡಿ. ಯಾವ ಫೈಲು, ಪ್ರತಿ ತಿಂಗಳು ಎಷ್ಟನೇ ತಾರೀಖಿನೊಳಗೆ, ಯಾವ ವಿಳಾಸದಲ್ಲಿ. ತಪ್ಪಿದರೆ ಎಷ್ಟು ದಿನದಲ್ಲಿ ತಿಳಿಸಬೇಕು. ಅವರ ತಪ್ಪಿನಿಂದ ದಂಡ ಬಿದ್ದರೆ ಯಾರು ಕಟ್ಟಬೇಕು. ಕೊನೆಯ ಅಂಶಕ್ಕೇ ಆರು ವಾರ ಹಗ್ಗಜಗ್ಗಾಟ ನಡೆಯಿತು. ಈ ವರ್ಷದ ನೇರ ಖರ್ಚಿನಲ್ಲಿ ದೊಡ್ಡ ಪಾಲು ಹೋದದ್ದು ಇಲ್ಲಿ ವಕೀಲರ ಗಂಟೆಗಳಿಗೆ. ಕರಾರು ನವೀಕರಣದ ಹೊತ್ತಿನಲ್ಲಿ ಕೇಳಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ವರ್ಷದ ಮಧ್ಯೆ ಕೇಳುವವರ ಮಾತಿಗೆ ಅಷ್ಟು ಬೆಲೆ ಸಿಗುವುದಿಲ್ಲ.

ಇದೇ ತಿಂಗಳು ಮಾಡಬೇಕಾದ ಇನ್ನೊಂದು ಕೆಲಸ, ಯಾವ ಪ್ಲಾನಿಗೆ ಯಾವ ನಿಯಮ ಅನ್ವಯ ಎಂದು ವಿಂಗಡಿಸುವುದು. 2010ರ ಮಾರ್ಚ್ 23ಕ್ಕೇ ಇದ್ದು ಆಮೇಲೆ ದೊಡ್ಡದಾಗಿ ಬದಲಾಗದೆ ಉಳಿದ ಗ್ರ್ಯಾಂಡ್‌ಫಾದರ್ಡ್ ಪ್ಲಾನಿಗೆ ದರದ ಫೈಲಿನಿಂದ ವಿನಾಯಿತಿ ಇದೆ, ಔಷಧ ವರದಿ ಮತ್ತು ಗ್ಯಾಗ್ ಕ್ಲಾಸ್‌ನಿಂದ ಇಲ್ಲ. ಪ್ರತ್ಯೇಕ ದಂತ, ಕಣ್ಣಿನ ಪ್ಲಾನ್‌ಗಳು ಮೂರರಿಂದಲೂ ಹೊರಗೆ. ಆಸ್ಪತ್ರೆಗಳು ತಮ್ಮ ದರಪಟ್ಟಿ ಹಾಕಬೇಕೆಂಬ ನಿಯಮ ಬೇರೆಯದೇ. ಅದು ಜಾರಿಗೆ ಬಂದದ್ದು 2021ರ ಜನವರಿ 1ರಿಂದ, ಅದಕ್ಕೂ ಉದ್ಯೋಗದಾತರಿಗೂ ಸಂಬಂಧವಿಲ್ಲ. ಮೀಟಿಂಗಿನಲ್ಲಿ ಇವೆರಡನ್ನೂ ಕಲಸುವವರು ಒಬ್ಬರಾದರೂ ಇರುತ್ತಾರೆ.

ಫೆಬ್ರವರಿಯಲ್ಲಿ ಫೈಲುಗಳ ತಪಾಸಣೆ. ಜಾರಿ ಶುರುವಾದದ್ದು 2022ರ ಜುಲೈ 1ರಿಂದ. ನೆಟ್‌ವರ್ಕಿನೊಳಗಿನ ಒಪ್ಪಂದದ ದರಗಳದ್ದು ಒಂದು ಫೈಲು, ನೆಟ್‌ವರ್ಕ್ ಹೊರಗಿನವರಿಗೆ ಹಿಂದೆ ಕೊಟ್ಟ ಮೊತ್ತಗಳದ್ದು ಇನ್ನೊಂದು. ಎರಡನ್ನೂ ತಿಂಗಳಿಗೊಮ್ಮೆ ಹೊಸದಾಗಿ ಹಾಕಬೇಕು. ಲಾಗಿನ್, ಪಾಸ್‌ವರ್ಡ್, ಶುಲ್ಕ, ಹೆಸರು ನೋಂದಣಿ ಯಾವುದೂ ಇಲ್ಲದೆ ಯಾರಿಗಾದರೂ ಸಿಗಬೇಕು. ಔಷಧ ದರದ ಮೂರನೆಯ ಫೈಲು ಮೊದಲಿನಿಂದಲೂ ತೂಗುಯ್ಯಾಲೆಯಲ್ಲಿದೆ. 2021ರಲ್ಲಿ ಅದರ ಜಾರಿ ಮುಂದೂಡಿದರು, 2023ರ ಸೆಪ್ಟೆಂಬರ್‌ನಲ್ಲಿ ಆ ಮುಂದೂಡಿಕೆಯನ್ನೇ ಹಿಂತೆಗೆದುಕೊಂಡರು. ಪಿಬಿಎಂ ಏನು ಮಾಡುತ್ತಿದೆ ಎಂದು ಬರಹದಲ್ಲಿ ಉತ್ತರ ಪಡೆದು ಕಡತಕ್ಕೆ ಸೇರಿಸಿದೆವು.

ಕಂಪನಿಯ ವೆಬ್‌ಸೈಟಿನಲ್ಲೇ ಫೈಲು ಇರಬೇಕೇ? ಬೇಕಿಲ್ಲ. ಪ್ಲಾನಿಗೆಂದೇ ಸಾರ್ವಜನಿಕ ವೆಬ್‌ಸೈಟ್ ಇಲ್ಲದಿದ್ದರೆ, ಲಿಖಿತ ಒಪ್ಪಂದದ ಮೇಲೆ ಟಿಪಿಎ ತನ್ನ ಸೈಟಿನಲ್ಲಿ ಹಾಕಿದರೆ ಸಾಕು. ಕಂಪನಿಗೆ ವ್ಯಾಪಾರದ ವೆಬ್‌ಸೈಟ್ ಇದ್ದರೂ ಅದು ಪ್ಲಾನಿನದಲ್ಲ. ನಿಯಮ ಜಾರಿ ಮಾಡುವ ಅಮೆರಿಕದ ಕಾರ್ಮಿಕ, ಆರೋಗ್ಯ, ಖಜಾನೆ ಇಲಾಖೆಗಳು 2022ರ ಆಗಸ್ಟ್‌ನ ಪ್ರಶ್ನೋತ್ತರದಲ್ಲಿ ಇದನ್ನು ಬಿಡಿಸಿ ಹೇಳಿವೆ. ಪ್ಲಾನಿಗೇ ಸೈಟ್ ಇದ್ದರೆ ಮಾತ್ರ ಅಲ್ಲಿಂದ ಲಿಂಕ್ ಕೊಡಬೇಕು.

ತಪಾಸಣೆ ಮಾಡುವ ಬಗೆ ಹೀಗೆ. ಬ್ರೌಸರಿನ ಪ್ರೈವೇಟ್ ವಿಂಡೋ ತೆರೆದು ಲಿಂಕ್ ಒತ್ತಬೇಕು. ಆಫೀಸ್ ಕಂಪ್ಯೂಟರಿನಲ್ಲಿ ಈಗಾಗಲೇ ಪೋರ್ಟಲ್‌ಗೆ ಲಾಗಿನ್ ಆಗಿದ್ದರೆ ಮುಚ್ಚಿದ ಬಾಗಿಲೂ ತೆರೆದಂತೆ ಕಾಣುತ್ತದೆ. ಮೊದಲು ಸಿಗುವುದು ವಿಷಯಸೂಚಿ, ಜೇಸನ್ ಎಂಬ ರೂಪದ ಡೇಟಾ ಫೈಲು. ಅದು ಚಿಕ್ಕದು, ಅದರಲ್ಲಿ ಕಂಪನಿಯ ಒಂಬತ್ತು ಅಂಕಿಯ ತೆರಿಗೆ ಗುರುತಿನ ಸಂಖ್ಯೆ, ಇಐಎನ್, ಹುಡುಕಬೇಕು. ನಮ್ಮದು ಸಿಗಲಿಲ್ಲ. ಎರಡು ವಾರದ ಇಮೇಲ್ ಆದ ಮೇಲೆ ಗೊತ್ತಾಯಿತು, ಕಂಪನಿ ಹೆಸರು ಬದಲಾಯಿಸುವ ಮುಂಚಿನ ಹಳೆಯ ಇಐಎನ್ ಅಡಿಯಲ್ಲಿ ಪ್ಲಾನ್ ಕೂತಿತ್ತು. ವಿಲೀನ, ಮರುನಾಮಕರಣ ಆದ ಕಂಪನಿಗಳು ಇದನ್ನೇ ಮೊದಲು ನೋಡಿ. ಸೂಚಿ ಸಿಕ್ಕ ಮೇಲೆ ಅದರೊಳಗಿನ ಒಂದೊಂದು ಲಿಂಕನ್ನೂ ಒತ್ತಬೇಕು. ಕೆಲವು ಲಿಂಕ್‌ಗಳಿಗೆ ಅವಧಿ ಕಟ್ಟಿರುತ್ತಾರೆ, ಇವತ್ತು ತೆರೆದದ್ದು ಮುಂದಿನ ವಾರ 'ಪ್ರವೇಶ ನಿರಾಕರಿಸಲಾಗಿದೆ' ಅನ್ನುತ್ತದೆ. ಹಾಗಾಗಿ ತಿಂಗಳ ಮೊದಲ ವಾರ ಒಮ್ಮೆ, ಕೊನೆಯ ವಾರ ಇನ್ನೊಮ್ಮೆ.

ದರದ ಮುಖ್ಯ ಫೈಲನ್ನು ಮಾತ್ರ ಡಬಲ್ ಕ್ಲಿಕ್ ಮಾಡಿ ತೆರೆಯುವ ಸಾಹಸ ಬೇಡ. ನೆಟ್‌ವರ್ಕಿನ ಎಲ್ಲ ಡಾಕ್ಟರುಗಳು, ಎಲ್ಲ ಚಿಕಿತ್ಸಾ ಕೋಡ್‌ಗಳು ಅದರಲ್ಲಿರುತ್ತವೆ. ಜಿಪ್ ಬಿಚ್ಚಿದರೆ ನೂರಾರು ಜಿಬಿ ಆಗಬಹುದು, ಎಕ್ಸೆಲ್‌ನ 10,48,576 ಸಾಲಿನ ಮಿತಿ ಅದರ ಮೂಲೆಗೂ ಸಾಲದು. ಪೂರ್ತಿ ಮೆಮೊರಿಗೆ ತುಂಬದೆ ಸಾಲುಸಾಲಾಗಿ ಓದುವ ಒಂದು ಸಣ್ಣ ಸ್ಕ್ರಿಪ್ಟ್ ಬರೆಸಿಕೊಂಡರೆ ಸಾಕು. ಪರೀಕ್ಷೆಗೆ ನಾಲ್ಕೇ ವಿಷಯ: ಕೊನೆಯ ನವೀಕರಣದ ತಾರೀಖು ಈ ತಿಂಗಳದ್ದೇ, ಬಿಲ್ಲಿಂಗ್ ಕೋಡ್ ಎದುರು ದರ ಡಾಲರಿನಲ್ಲಿದೆಯೇ, ಡಾಕ್ಟರ ಹತ್ತು ಅಂಕಿಯ ಗುರುತಿನ ಸಂಖ್ಯೆ ಎನ್‌ಪಿಐ ಇದೆಯೇ, ಪರಿಚಿತ ಆಸ್ಪತ್ರೆಯ ಒಂದು ದರ ನಾವು ನಿಜವಾಗಿ ಪಾವತಿಸಿದ ಕ್ಲೇಮಿಗೆ ತಾಳೆಯಾಗುತ್ತದೆಯೇ. ಚರ್ಮವೈದ್ಯರ ಹೆಸರಿನಡಿ ಹೃದಯ ಶಸ್ತ್ರಚಿಕಿತ್ಸೆಯ ದರ ಕಂಡರೆ ಗಾಬರಿಯಾಗಬೇಡಿ. ಕರಾರಿನ ದರಪಟ್ಟಿಯನ್ನು ಎಲ್ಲ ಡಾಕ್ಟರಿಗೂ ಒಂದೇ ಸಮ ಹಚ್ಚಿದ್ದರಿಂದ ಹುಟ್ಟಿದ ಸಾಲುಗಳವು, ಫೈಲು ಉಬ್ಬಲು ಮುಖ್ಯ ಕಾರಣವೂ ಅವೇ.

ನೆಟ್‌ವರ್ಕ್ ಹೊರಗಿನ ಫೈಲು ಬರೀ ಖಾಲಿ ಬಂತು. ಮೊದಲು ತಪ್ಪೆಂದೇ ಎಣಿಸಿದೆವು. ಲೆಕ್ಕ ಬೇರೆ ಇತ್ತು. ಪ್ರಕಟಣೆಗೆ 180 ದಿನ ಹಿಂದಿನಿಂದ ಶುರುವಾಗುವ 90 ದಿನದ ಕ್ಲೇಮುಗಳನ್ನಷ್ಟೇ ತೆಗೆದುಕೊಳ್ಳಬೇಕು, ಅದರಲ್ಲೂ ಒಬ್ಬ ಡಾಕ್ಟರಿಗೆ ಒಂದು ಚಿಕಿತ್ಸೆಗೆ 20ಕ್ಕಿಂತ ಕಡಿಮೆ ಕ್ಲೇಮಿದ್ದರೆ ರೋಗಿಯ ಗುರುತು ಬಯಲಾಗದಂತೆ ಬಿಡಬೇಕು. 300 ಉದ್ಯೋಗಿಗಳ ಪ್ಲಾನಿನಲ್ಲಿ 20 ಮುಟ್ಟುವುದೇ ಅಪರೂಪ. ಟಿಪಿಎ ಹಲವು ಪ್ಲಾನ್‌ಗಳನ್ನು ಒಟ್ಟುಗೂಡಿಸಿ ಒಂದೇ ಫೈಲು ಕೊಡಲು ನಿಯಮದಲ್ಲಿ ಅವಕಾಶವಿದೆ. ನಮ್ಮವರು ಹಾಗೆ ಮಾಡಿರಲಿಲ್ಲ, ಖಾಲಿಗೆ ಕಾರಣವನ್ನು ಬರಹದಲ್ಲಿ ಕೊಟ್ಟರು, ಅಷ್ಟಕ್ಕೆ ಒಪ್ಪಿದೆವು. ಫೈಲಿನ ಹೊಸ ರಚನೆ, ಆವೃತ್ತಿ 2.0, 2026ರ ಫೆಬ್ರವರಿ 2ರಿಂದ ಜಾರಿ. ಟಿಪಿಎಯ ಫೈಲು ಆ ರಚನೆಯಲ್ಲಿದೆಯೇ ಎಂದು ಕೇಳಿಡಿ.

ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆವರಿಳಿಸಿದ ಕೆಲಸ ಬಂತು, ಔಷಧ ವೆಚ್ಚದ ವಾರ್ಷಿಕ ವರದಿ. ಎಲ್ಲರೂ ಅದನ್ನು ಆರ್‌ಎಕ್ಸ್‌ಡಿಸಿ ಅನ್ನುತ್ತಾರೆ. ಕೊನೆಯ ದಿನ ಪ್ರತಿವರ್ಷ ಜೂನ್ 1, ವರದಿ ಹಿಂದಿನ ಕ್ಯಾಲೆಂಡರ್ ವರ್ಷದ್ದು. ಪ್ಲಾನಿನ ವರ್ಷ ಜುಲೈಯಿಂದ ಶುರುವಾದರೂ ಸರಿ, ಲೆಕ್ಕ ಜನವರಿಯಿಂದ ಡಿಸೆಂಬರ್. ಈ ಸಲ ಜೂನ್ 1 ಭಾನುವಾರ ಬಿತ್ತು, ಅದನ್ನು ಮೊದಲೇ ನೋಡಿಕೊಂಡಿದ್ದರಿಂದ ಶುಕ್ರವಾರಕ್ಕೇ ಗುರಿಯಿಟ್ಟೆವು.

ಕಾಗದದ ಮೇಲೆ ವರದಿ ಸರಳ. ಪ್ಲಾನಿನ ವಿವರಕ್ಕೆ ಪಿ-2 ಎಂಬ ಪಟ್ಟಿ, ಡೇಟಾಕ್ಕೆ ಡಿ-1ರಿಂದ ಡಿ-8ರವರೆಗೆ ಎಂಟು ಫೈಲು, ಜತೆಗೊಂದು ವಿವರಣಾ ಪತ್ರ. ಡಿ-1 ಪ್ರೀಮಿಯಂ ಮತ್ತು ಸದಸ್ಯರದ್ದು, ಡಿ-2 ಚಿಕಿತ್ಸಾ ಬಾಬ್ತುಗಳ ಖರ್ಚು. ಡಿ-3ರಿಂದ ಡಿ-8 ಔಷಧದ್ದು: ಹೆಚ್ಚು ಬಳಸಿದ 50, ಹೆಚ್ಚು ದುಬಾರಿಯಾದ 50, ಖರ್ಚು ಹೆಚ್ಚು ಏರಿದ 50, ಆಮೇಲೆ ಒಟ್ಟು ಮೊತ್ತ ಮತ್ತು ಔಷಧ ಕಂಪನಿಗಳು ಹಿಂತಿರುಗಿಸುವ ರಿಬೇಟು. ಔಷಧದ ಆರೂ ಪಿಬಿಎಂ ಕೊಡುತ್ತದೆ, ಡಿ-2 ಟಿಪಿಎ ಕೊಡುತ್ತದೆ. ತೊಡಕು ಡಿ-1ರಲ್ಲಿ, ಏಕೆಂದರೆ ಉದ್ಯೋಗಿ ಎಷ್ಟು ಕಟ್ಟಿದರು, ಕಂಪನಿ ಎಷ್ಟು ಹಾಕಿತು ಎಂಬುದು ಸಂಬಳದ ಲೆಕ್ಕ ಇಟ್ಟವರಿಗೇ ಗೊತ್ತು. ಅದಕ್ಕಾಗಿ ಟಿಪಿಎ ಮತ್ತು ಪಿಬಿಎಂ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಪ್ರಶ್ನಾವಳಿ ಕಳಿಸುತ್ತವೆ. ಗಡುವಿನೊಳಗೆ ತುಂಬಿದರೆ ಡಿ-1 ಅವರೇ ಹಾಕುತ್ತಾರೆ. ನಮ್ಮ ಪ್ರಶ್ನಾವಳಿ ಕೆಲಸ ಬಿಟ್ಟು ಹೋದವರೊಬ್ಬರ ಇಮೇಲಿಗೆ ಹೋಗಿ ಅಲ್ಲೇ ಕೊಳೆಯಿತು. ಗಡುವು ಮುಗಿದ ಮೇಲೆ "ಕ್ಷಮಿಸಿ, ಡಿ-1 ನೀವೇ ಸಲ್ಲಿಸಿ" ಎಂಬ ಉತ್ತರ ಬಂತು. ವ್ಯಕ್ತಿಯ ಇಮೇಲ್ ಬದಲು ಬೆನಿಫಿಟ್ಸ್ ವಿಭಾಗದ್ದೇ ಒಂದು ವಿಳಾಸ ಕೊಟ್ಟಿದ್ದರೆ ಆ ಮೇ ತಿಂಗಳು ಉಳಿಯುತ್ತಿತ್ತು.

ನೀವೇ ಸಲ್ಲಿಸುವುದಾದರೆ ಸರ್ಕಾರದ ಆರೋಗ್ಯ ಸಂಸ್ಥೆಯಾದ ಸಿಎಂಎಸ್‌ನ ಹಯಾಸ್ ಪೋರ್ಟಲ್‌ನಲ್ಲಿ ಖಾತೆ ಬೇಕು. ಅದು ಎರಡು ವಾರದವರೆಗೂ ಹಿಡಿಯಬಹುದು, ಆದ್ದರಿಂದ ಮೇ ಮೊದಲ ದಿನವೇ ಅರ್ಜಿ ಹಾಕಿ. ಡಿ-1 ಲೆಕ್ಕದಲ್ಲಿ ಹೆಚ್ಚು ಜನ ಎಡವುವುದು 'ಸರಾಸರಿ ಮಾಸಿಕ ಪ್ರೀಮಿಯಂ' ಎಂಬ ಪದದಲ್ಲಿ. ತಲೆಗೆ ಎಷ್ಟು ಅಂತ ಭಾಗಿಸಬಾರದು. ವರ್ಷಕ್ಕೆ ಎಲ್ಲ ಉದ್ಯೋಗಿಗಳೂ ಸೇರಿ 6 ಲಕ್ಷ ಡಾಲರ್ ಕಟ್ಟಿದ್ದರೆ 12ರಿಂದ ಭಾಗಿಸಿ 50,000 ಎಂದೇ ಬರೆಯಬೇಕು. ಕೆಲಸ ಬಿಟ್ಟ ಮೇಲೆ ಕೋಬ್ರಾ ಅಡಿ ಪ್ಲಾನ್ ಮುಂದುವರಿಸಿದವರು ಕಟ್ಟಿದ್ದೂ ಸದಸ್ಯರ ಪಾಲಿಗೇ ಸೇರುತ್ತದೆ. ಸೆಲ್ಫ್ ಫಂಡೆಡ್‌ನಲ್ಲಿ ಪ್ರೀಮಿಯಂ ಎಂಬುದೇ ಇಲ್ಲವಾದ್ದರಿಂದ ಕ್ಲೇಮಿನ ಖರ್ಚು, ಟಿಪಿಎ ಶುಲ್ಕ, ದೊಡ್ಡ ಕ್ಲೇಮುಗಳಿಂದ ಕಂಪನಿಯನ್ನು ಕಾಯುವ ಸ್ಟಾಪ್ ಲಾಸ್ ವಿಮೆಯ ಕಂತು ಎಲ್ಲ ಕೂಡಿಸಿದ ಸಮಾನ ಮೊತ್ತ ತೆಗೆಯಬೇಕು. ಸದಸ್ಯರ ಸಂಖ್ಯೆಯೂ ತಲೆ ಎಣಿಕೆಯಲ್ಲ. ತಿಂಗಳು ತಿಂಗಳ ಸದಸ್ಯರನ್ನು ಕೂಡಿಸಿ 12ರಿಂದ ಭಾಗಿಸಿದ್ದು, ಮನೆಮಂದಿಯೂ ಸೇರಿ. ಕೂಡಿಸಿದಾಗ 7,500 ಬಂದರೆ ಬರೆಯಬೇಕಾದದ್ದು 625.

ವರ್ಷದ ಮಧ್ಯೆ ಪಿಬಿಎಂ ಬದಲಿಸಿದ್ದರೆ ಹಳೆಯವರೂ ತಮ್ಮ ಕಾಲದ ಡೇಟಾ ಕೊಡಬೇಕು. ಹೋದ ಗಿರಾಕಿಗೆ ಅವರು ಓಗೊಡುವುದು ನಿಧಾನ, ಬೇಗ ಬೆನ್ನು ಹತ್ತಿ. ಎಲ್ಲರಿಂದಲೂ 'ನಿಮ್ಮ ಪ್ಲಾನಿನ ಇಂತಿಂಥ ಫೈಲು ಇಂಥ ದಿನ ಸಲ್ಲಿಸಿದ್ದೇವೆ' ಎಂಬ ಒಂದು ಸಾಲಿನ ಪತ್ರ ಬೇಕು. ಪೋರ್ಟಲ್‌ನಲ್ಲಿ ಇನ್ನೊಬ್ಬರು ಹಾಕಿದ್ದು ನಮಗೆ ಕಾಣುವುದಿಲ್ಲ, ಆ ಪತ್ರವೇ ನಮ್ಮ ಕೈಲಿರುವ ಸಾಕ್ಷಿ. ಮೇ 30ರ ಸಂಜೆ ನಮ್ಮ ಪಿ-2 ಮತ್ತು ಡಿ-1 ಹೋದವು. ಮೊದಲ ಯತ್ನ ಫೈಲ್ ಹೆಸರು ಸರಿಯಿಲ್ಲವೆಂದು ತಿರಸ್ಕಾರವಾಯಿತು, ಎರಡನೆಯದು ಒಂದು ಕಾಲಂನಲ್ಲಿ ಇಐಎನ್‌ನ ಮುಂದಿನ ಸೊನ್ನೆಯನ್ನು ಎಕ್ಸೆಲ್ ನುಂಗಿದ್ದಕ್ಕೆ. ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿ ಮತ್ತೆ ಸಿಎಸ್‌ವಿ ಮಾಡಿದರೆ ಸರಿಹೋಗುತ್ತದೆ.

ಜೂನ್ ನಂತರದ ಅಮೆರಿಕದ ಬೇಸಿಗೆಯಲ್ಲಿ ಉದ್ಯೋಗಿಗಳ ದರ ಅಂದಾಜಿನ ಆನ್‌ಲೈನ್ ಸಾಧನವನ್ನು ಪರೀಕ್ಷಿಸಿದೆವು. 2023ರಲ್ಲಿ ಶುರುವಾದ ಪ್ಲಾನ್ ವರ್ಷದಿಂದ 500 ಚಿಕಿತ್ಸೆಗಳಿಗೆ, 2024ರಿಂದ ಎಲ್ಲ ಚಿಕಿತ್ಸೆಗಳಿಗೂ ಇದು ಕಡ್ಡಾಯ. ಮೂರು ಕೋಡ್ ಹಾಕಿ ನೋಡಿದೆವು: ಕೊಲೊನೋಸ್ಕೋಪಿ 45378, ಮಂಡಿಯ ಎಂಆರ್‌ಐ 73721, ರಕ್ತಪರೀಕ್ಷೆ 80053. ಪ್ರತಿಯೊಂದಕ್ಕೂ ಕೈಯಿಂದ ಎಷ್ಟು ಹೋಗುತ್ತದೆ, ಪ್ಲಾನ್ ಕೊಡಲು ಶುರುಮಾಡುವ ಮುಂಚೆ ಉದ್ಯೋಗಿಯೇ ಭರಿಸಬೇಕಾದ ಡಿಡಕ್ಟಿಬಲ್‌ನಲ್ಲಿ ಇದುವರೆಗೆ ಎಷ್ಟು ತುಂಬಿದೆ, ಒಪ್ಪಂದದ ದರ ಎಷ್ಟು, ಮುಂಗಡ ಅನುಮತಿ ಬೇಕೇ ಎಂಬುದು ಕಾಣಬೇಕು. ಎಂಆರ್‌ಐಗೆ ಅನುಮತಿ ಬೇಕೆಂಬ ಸೂಚನೆಯೇ ಇರಲಿಲ್ಲ, ಹೇಳಿದ ಮೇಲೆ ಸೇರಿಸಿದರು. ಡಿಡಕ್ಟಿಬಲ್ ಮೊತ್ತ ಹಳೆಯದಾಗಿತ್ತು. ಔಷಧಕ್ಕೆ ಕೊಟ್ಟದ್ದು ಪಿಬಿಎಂನಿಂದ ಟಿಪಿಎಗೆ ತಡವಾಗಿ ತಲುಪುತ್ತಿದ್ದದ್ದೇ ಕಾರಣ. ಕಾಗದದಲ್ಲಿ ಕೇಳಿದವರಿಗೆ ಎರಡು ಕೆಲಸದ ದಿನದೊಳಗೆ ಅಂಚೆಗೆ ಹಾಕಬೇಕು, ಒಂದು ಕೋರಿಕೆಗೆ 20 ಡಾಕ್ಟರುಗಳವರೆಗೆ ಮಿತಿ ಹಾಕಬಹುದು. ನಾವೇ ಒಬ್ಬ ಉದ್ಯೋಗಿಯ ಒಪ್ಪಿಗೆ ಪಡೆದು ಕೋರಿಕೆ ಹಾಕಿಸಿದೆವು. ಕಾಲ್ ಸೆಂಟರಿನಲ್ಲಿ ಮೊದಲು ಎತ್ತಿದವರಿಗೆ ಅಂಥದ್ದೊಂದು ಸೌಲಭ್ಯ ಇದೆ ಎಂಬುದೇ ಗೊತ್ತಿರಲಿಲ್ಲ.

ಸೆಪ್ಟೆಂಬರ್‌ನಿಂದ ಗ್ಯಾಗ್ ಕ್ಲಾಸ್. ಬಾಯಿಗೆ ಬೀಗ ಹಾಕುವ ಷರತ್ತು ಎಂಬುದೇ ಅದರ ಅರ್ಥ. ಡಾಕ್ಟರ ದರ ಮತ್ತು ಗುಣಮಟ್ಟದ ಮಾಹಿತಿಯನ್ನು ಪ್ಲಾನಿಗೆ, ಸದಸ್ಯರಿಗೆ ಕೊಡದಂತೆ, ಹೆಸರು ಅಳಿಸಿದ ಕ್ಲೇಮು ಡೇಟಾ ಪಡೆಯದಂತೆ ತಡೆಯುವ ಷರತ್ತು ಯಾವ ಕರಾರಿನಲ್ಲೂ ಇರಕೂಡದು. ಇಲ್ಲವೆಂದು ಪ್ರತಿವರ್ಷ ಡಿಸೆಂಬರ್ 31ರೊಳಗೆ ದೃಢೀಕರಿಸಬೇಕು, ಮೊದಲ ಗಡುವು 2023ರದ್ದು. ಟಿಪಿಎ ಕರಾರಿನಲ್ಲಿ 'ಗ್ಯಾಗ್' ಎಂಬ ಪದ ಹುಡುಕಿದರೆ ಏನೂ ಸಿಗುವುದಿಲ್ಲ. ಅದು ಅಡಗಿರುವುದು 'ಗೌಪ್ಯತೆ', 'ವ್ಯಾಪಾರ ರಹಸ್ಯ', 'ಆಡಿಟ್' ಎಂಬ ಅಧ್ಯಾಯಗಳಲ್ಲಿ. ನಮ್ಮದರಲ್ಲಿ ಆಡಿಟ್ ಅಡಿ ಎರಡು ಸಾಲಿದ್ದವು: ವರ್ಷಕ್ಕೆ ಒಮ್ಮೆ ಮಾತ್ರ, ಅದೂ ಅವರ ಕಚೇರಿಗೇ ಬಂದು, 200 ಕ್ಲೇಮು ನೋಡಬಹುದು. 2025ರ ಜನವರಿಯ ಪ್ರಶ್ನೋತ್ತರದಲ್ಲಿ ಇಲಾಖೆಗಳು ಇಂಥ ಮಿತಿಗಳೂ ಗ್ಯಾಗ್ ಕ್ಲಾಸೇ ಎಂದಿವೆ. ಟಿಪಿಎ ಮತ್ತು ಅದರ ಕೆಳಗಿನ ನೆಟ್‌ವರ್ಕ್ ನಡುವಿನ ಕರಾರಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಆ ಕರಾರು ನಮ್ಮ ಕೈಗೆ ಸಿಗುವುದಿಲ್ಲವಾದ್ದರಿಂದ ಅದರಲ್ಲಿ ಅಂಥದ್ದಿಲ್ಲವೆಂಬ ಲಿಖಿತ ಭರವಸೆ ಕೇಳಿದೆವು. ಷರತ್ತಿನ ನಿಜವಾದ ಪರೀಕ್ಷೆ ಕರಾರು ಓದುವುದರಲ್ಲಿ ಇಲ್ಲ. ಒಂದು ವರ್ಷದ ಪೂರ್ತಿ ಕ್ಲೇಮು ಡೇಟಾ ಕೊಡಿ ಎಂದು ಕೇಳಿ ನೋಡಬೇಕು. ನಮಗೆ ಅದು ಬರಲು ಒಂಬತ್ತು ವಾರ ಹಿಡಿಯಿತು. ಮೊದಲು ಬಂದದ್ದು ಪಾವತಿ ಮೊತ್ತವೇ ಇಲ್ಲದ ಪಟ್ಟಿ.

ಟಿಪಿಎ ಆಡಿಟ್ ಸಾಲುಗಳನ್ನು ನವೆಂಬರ್‌ನಲ್ಲಿ ತೆಗೆಯಿತು. ಮಾನಸಿಕ ಆರೋಗ್ಯ ಸಂಸ್ಥೆ ಮಾತ್ರ ನವೀಕರಣದವರೆಗೆ ಮುಟ್ಟುವುದಿಲ್ಲ ಎಂದಿತು. ಹೀಗಾದರೆ ಫಾರ್ಮ್ ಸಲ್ಲಿಸದೆ ಕೂರಬಾರದು. ಸಲ್ಲಿಸಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಯಾವ ಷರತ್ತು, ಯಾರ ಕರಾರು, ತೆಗೆಸಲು ಏನೇನು ಮಾಡಿದೆವು ಎಂದು ಬರೆಯಬೇಕು. ನಾವು ಹಾಗೆಯೇ ಮಾಡಿದೆವು. ಫಾರ್ಮಿಗೆ ಖಾತೆ ಬೇಡ, ಇಮೇಲ್ ಕೊಟ್ಟರೆ ಪ್ರವೇಶ ಸಂಕೇತ ಬರುತ್ತದೆ. ಅಲ್ಲಿ ಭರ್ತಿ ಮಾಡುವವರು ಮತ್ತು ದೃಢೀಕರಿಸುವವರು ಬೇರೆ ಬೇರೆ ಆಗಿರಬಹುದು. ದೃಢೀಕರಿಸುವವರಿಗೆ ಪ್ಲಾನಿನ ಪರವಾಗಿ ಸಹಿ ಮಾಡುವ ಅಧಿಕಾರ ಇರಬೇಕು, ಅವರು ರಜೆಗೆ ಹೊರಡುವ ಮುಂಚೆ ಹಿಡಿಯಿರಿ.

ಸಲ್ಲಿಕೆಯ ಪ್ರತಿ, ತಿದ್ದುಪಡಿಗಳು, ಹನ್ನೆರಡು ತಿಂಗಳ ಸ್ಕ್ರೀನ್‌ಶಾಟ್, ಮೂರು ತಾರೀಖಿನ ಶೀಟು ಎಲ್ಲ ಒಂದೇ ಫೋಲ್ಡರಿಗೆ ಹೋಗಿವೆ. ಫೆಬ್ರವರಿ ಮೊದಲ ಸೋಮವಾರದ ಕ್ಯಾಲೆಂಡರಿನಲ್ಲಿ ಆಗಲೇ ಒಂದು ಸಾಲು ಇದೆ: ಪಿಬಿಎಂ ಪ್ರಶ್ನಾವಳಿ ಬಂತೇ, ಯಾವ ಇಮೇಲಿಗೆ?